ಕೂತು ಕೊಟ್ಟ ಅಳತೆ

ಚಳಿಗಾಲ ಮುಗಿಯುತ್ತಾ ಬಂದಿತ್ತು. ಬೆಳಗಿನ ಬಿಸಿಲು ನಮ್ಮ ದರ್ಜಿ ಅಂಗಡಿಯ ಹೊಸ್ತಿಲು ದಾಟುವ ಹೊತ್ತಿಗೆ ಅವರು ಬಂದರು. ಸೈನ್ಯ ಬಿಟ್ಟು ಬಂದವರು. ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದೆ, ಒಂದು ಕೋಟು ಬೇಕು ಎಂದರು. ಬೀದಿಯವರೆಲ್ಲ ಅವರನ್ನು ಕ್ಯಾಪ್ಟನ್ ಎಂದೇ ಕರೆಯುತ್ತಿದ್ದರು. ನಮ್ಮಲ್ಲಿ ಕತ್ತರಿ ಅಪ್ಪನದು, ಅಳತೆ ನನ್ನದು.

ಟೇಪು ಹಿಡಿದು ಹತ್ತಿರ ಹೋದರೆ ಮನುಷ್ಯ ಕಂಬದ ಹಾಗೆ ನಿಂತುಬಿಟ್ಟರು. ಎದೆ ಮುಂದಕ್ಕೆ, ಗಲ್ಲ ಮೇಲಕ್ಕೆ, ಕಣ್ಣು ಎದುರಿನ ಗೋಡೆಯ ಮೇಲೆ. ಉಸಿರಾಡಿ ಎಂದೆ. ಅಪ್ಪಣೆ ಪಾಲಿಸುವವರಂತೆ ಉಸಿರಾಡಿದರು. ಕಿವಿ ಮಾತ್ರ ಕೆಂಪಗಾಗಿತ್ತು.

ಕೋಟು ಒಯ್ದ ವಾರದೊಳಗೆ ಮತ್ತೆ ಬಂದರು. ನಿಂತರೆ ಕೋಟು ಸರಿಯಾಗಿದೆ, ಕೂತರೆ ಗುಂಡಿ ಕಿತ್ತು ಬರುತ್ತದೆ, ಬ್ಯಾಂಕಿನಲ್ಲಿ ದಿನವಿಡೀ ಕೂತಿರಬೇಕು ಎಂದು, ತಪ್ಪು ತಮ್ಮದೇ ಎನ್ನುವಂತೆ ಹೇಳಿದರು. ನನಗೆ ನಗು ತಡೆಯಲಾಗಲಿಲ್ಲ. ಕುರ್ಚಿ ಎಳೆದು ಕೂರಿಸಿ ಅಳತೆ ತೆಗೆದೆ. ಆಗ ಮೊದಲ ಸಲ ಗೋಡೆ ಬಿಟ್ಟು ನನ್ನನ್ನು ನೋಡಿದರು. ಸೀಮೆಸುಣ್ಣ ಕೈಯಲ್ಲೇ ಉಳಿಯಿತು, ಗುರುತು ಹಾಕುವುದು ಮರೆತೇಹೋಯಿತು.

ಆಮೇಲೆ ತೋಳು ಉದ್ದ, ಒಳಗಿನ ಅಸ್ತರು ಬಿಟ್ಟಿದೆ ಎಂದು ಬರುತ್ತಲೇ ಇದ್ದರು. ಹೊಲಿಗೆ ಬಿಟ್ಟ ಕಡೆ ಅವರೇ ಬ್ಲೇಡು ಆಡಿಸಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಮತ್ತೆ ಹೊಲಿದು ಕೊಡುತ್ತಿದ್ದೆ. ಸೋದರತ್ತೆ ಬಿಡುವವಳಲ್ಲ, ಒಳಗಿಂದಲೇ ಕೇಳುತ್ತಿದ್ದಳು: "ಕೋಟು ಹೊಲೀತಿದ್ದೀಯೇನೇ, ಇಲ್ಲಾ ಆ ಕ್ಯಾಪ್ಟನ್ನನ್ನೇ ನಮ್ಮನೆಗೆ ಸೇರಿಸಿ ಹೊಲೀತಿದ್ದೀಯೇನೇ?"

ಹೀಗೇ ವರ್ಷಗಳು ಹೋದವು. ಅವರು ಬ್ಯಾಂಕಿನ ಮ್ಯಾನೇಜರ್ ಆದರು. ಯಾರು ಹೋದರೂ ಕೂರಿಸಿ ಕಷ್ಟ ಕೇಳುತ್ತಾರೆಂದು ಹೆಸರಾಯಿತು. ಆ ಹೆಸರೇ ಅವರನ್ನು ಚುನಾವಣೆಗೆ ನಿಲ್ಲಿಸಿತು. ಹೊಸ ಕೋಟಿಗೆಂದು ಬಂದ ದಿನ, ಅಪ್ಪ ಊಟಕ್ಕೆ ಒಳಗೆ ಹೋಗಿದ್ದಾಗ, ಕೂತಲ್ಲೇ ಗಂಟಲು ಸರಿಮಾಡಿಕೊಂಡರು.

"ಮದುವೆಯಾದವನಿಗೆ ವೋಟು ಹೆಚ್ಚು ಬೀಳುತ್ತಂತೆ. ಪಾರ್ಟಿಯವರು ಹೇಳಿದ್ರು. ನೀವು ಒಪ್ಪೋದಾದ್ರೆ..."

ಇಷ್ಟು ವರ್ಷ ಕಾದ ಮಾತು ಪಾರ್ಟಿಯವರ ಲೆಕ್ಕದಲ್ಲಿ ಬಂತಲ್ಲ ಎಂದು ಸಿಟ್ಟೇರಿತು.

"ವೋಟಿಗೆ ಬೇಕಾದ್ರೆ ಬೇರೆ ಯಾರನ್ನಾದ್ರೂ ನೋಡಿ," ಎಂದೆ.

ಎದ್ದು ನಿಂತರು, ನೆಟ್ಟಗೆ. ಆಗಲಿ ಎಂದು ಹೊರಟುಹೋದರು.

ಬರುತ್ತಾರೆಂದು ಕಾದೆ. ಬೀದಿಯ ತುದಿಯಿಂದ ಅವರ ಭಾಷಣ ಕೇಳುತ್ತಿತ್ತು, ಅವರು ಬರಲಿಲ್ಲ. ಗೆದ್ದರು. ಅಷ್ಟರಲ್ಲಿ ಅಪ್ಪನಿಗೆ ವಯಸ್ಸಾಗಿ ಕತ್ತರಿ ಹಿಡಿಯುವುದು ಕಷ್ಟವಾಗಿತ್ತು. ನಮಗೆ ಬಟ್ಟೆ ತಂದುಕೊಡುತ್ತಿದ್ದ ವ್ಯಾಪಾರಿ ನನ್ನನ್ನು ಮದುವೆಗೆ ಕೇಳಿದ. ಒಳ್ಳೆಯ ಮನುಷ್ಯ, ಅಲ್ಲ ಎನ್ನಲಾರೆ. ಹೂಂ ಎಂದೆ.

ಶಾಸನಸಭೆಗೆ ಹೊರಡುವ ಮುಂಚೆ ಕ್ಯಾಪ್ಟನ್ ಬಂದರು. ಅಪ್ಪ ನನ್ನ ಮದುವೆಯ ಸುದ್ದಿ ಹೇಳಿದರು. ಒಳ್ಳೆಯದಾಯಿತು ಎಂದರು. ಬಾಗಿಲಿನವರೆಗೆ ಕಳಿಸಲು ಹೋದೆ.

"ಪಾರ್ಟಿಯವರು ಹಾಗೆ ಹೇಳೇ ಇರಲಿಲ್ಲ," ಎಂದರು, ಮೆಲ್ಲಗೆ. "ನನ್ನ ಬಾಯಲ್ಲಿ ಬರಲಿಲ್ಲ ಅಂತ ಅವರ ಹೆಸರು ಹೇಳ್ದೆ."

"ಇನ್ನೊಂದು ಸಲ ಕೇಳಬಾರದಿತ್ತಾ?"

"ಬೇಡ ಅಂದ್ಮೇಲೆ ಮತ್ತೆ ಕೇಳೋದನ್ನ ಸೈನ್ಯದಲ್ಲಿ ಕಲಿಸಲಿಲ್ಲ."

"ಬ್ಯಾಂಕಿನಲ್ಲಾದ್ರೂ ಕಲೀಬೇಕಿತ್ತು. ಅಲ್ಲಿಗೆ ಬರೋರೆಲ್ಲ ಹತ್ತು ಸಲ ಕೇಳ್ತಾರಲ್ಲ."

ನಗಲು ನೋಡಿದರು, ಆಗಲಿಲ್ಲ. ನನಗೂ ಆಗಲಿಲ್ಲ. ಕೊಟ್ಟ ಮಾತು ಮುರಿಯುವವಳು ನಾನಲ್ಲ, ಮುರಿ ಎಂದು ಕೇಳುವವರು ಅವರಲ್ಲ.

ಅವರು ಸೋಮವಾರ ಬೆಳಗಿನ ರೈಲಿಗೆ ಹೋದರು. ಅದೇ ವಾರ, ಶುಕ್ರವಾರ, ನಾನು ಮದುವೆಯಾಗಿ ಆ ಬೀದಿ ಬಿಟ್ಟೆ.