ಐದಕ್ಕೆ ಎಷ್ಟು?

ದೊಡವಾಡದ ಕಲ್ಮೇಶ ಜಾತ್ರೆಯ ಪಂದ್ಯದಲ್ಲಿ ಭಾರದ ಸಂಗ್ರಾಣಿ ಕಲ್ಲನ್ನು ಹೆಗಲಿಗೇರಿಸಿದರೆ ಭೂಮಿ ಹಗುರಾಗಿ ಒಂದು ಗೇಣು ಮೇಲೇಳುತ್ತಿತ್ತು. ಧಾರವಾಡದ ಬಸ್ಸುಗಳು ಹೆದರಿ ಬ್ರೇಕ್ ಹಾಕುತ್ತಿದ್ದವು. ಇಂಥ ಗಂಡು ಒಂದು ಮಧ್ಯಾಹ್ನ ಬುಟ್ಟಿಗಟ್ಟಲೆ ಹೋಳಿಗೆ ತಿಂದು, ಕುರ್ಚಿಯ ಬೆನ್ನಿಗೆ ತೋಳು ಚೆಲ್ಲಿ ಮಲಗಿಬಿಟ್ಟ. ಎದ್ದಾಗ ತೋಳಿನ ನರ ಒತ್ತಿಹೋಗಿ, ಬಲಗೈ ಮಣಿಕಟ್ಟಿನಿಂದ ಬಾಡಿದ ಎಲೆಯಂತೆ ಜೋತುಬಿದ್ದಿತ್ತು.

ಬೈಲಹೊಂಗಲದ ಫಿಜಿಯೋಥೆರಪಿ ಕ್ಲಿನಿಕ್ಕಿನಲ್ಲಿ ಆ ಕೈ ಹಿಡಿದವಳು ಶೀತಲ. ಅವಳ ಕಣ್ಣುಗಳೋ, ಒಂದೊಂದರಲ್ಲೂ ಜೋಡೆತ್ತು ಕಟ್ಟಿ ಗಳೆ ಹೊಡೆಯಬಹುದು, ಅಷ್ಟು ವಿಶಾಲ. ಕೈಯನ್ನು ಮೇಜಿನ ಮೇಲೆ ಅಡ್ಡ ಇಟ್ಟರೆ ಒಂದಿಷ್ಟು ಆಡಿತು; ಮೇಲೆತ್ತಲು ಹೋದರೆ ಇಲ್ಲ.

"ಪವರ್ ಎರಡು," ಎಂದಳು.

"ನೂರಕ್ಕೇನ್ರಿ ಮೇಡಂ?"

"ಐದಕ್ಕರಿ," ಎಂದವಳ ತುಟಿಯಂಚಿನಲ್ಲಿ ನಗು ಇಣುಕಿ ಅಡಗಿತು.

ಇಲ್ಲಿ ಯಾರೂ ಕಲ್ಲು ತೂಗುವುದಿಲ್ಲ, ಒಂದೊಂದೇ ಸ್ನಾಯುವನ್ನು ವಿಚಾರಿಸುತ್ತೇವೆ ಎಂದು ವಿವರಿಸಿದಳು. ತನ್ನ ಭಾರ ತಾನೇ ಎತ್ತಿದರೆ ಮೂರು. ಅವಳು ಒತ್ತಿದಾಗ ಸ್ವಲ್ಪ ತಡೆದರೆ ನಾಲ್ಕು. ಎಷ್ಟು ಒತ್ತಿದರೂ ಬಗ್ಗದಿದ್ದರೆ ಐದು.

ವಾರಗಳು ಕಳೆದವು. ಮೂರಾಯಿತು, ನಾಲ್ಕಾಯಿತು. ಆಗ ಕಲ್ಮೇಶನಿಗೆ ದಿಗಿಲು ಹುಟ್ಟಿತು. ಐದಾದರೆ ಇವಳ ಮುಂದೆ ಕೂರಲು ನೆಪವೇ ಇಲ್ಲ. ಹುಟ್ಟಿದಾಗಿನಿಂದ ಯಾವ ಪಂದ್ಯದಲ್ಲೂ ಸೋಲದವನು ಅಂದಿನಿಂದ ಸೋಲಲು ನಿರ್ಧರಿಸಿದ.

ಅವಳು ಎರಡು ಬೆರಳಿನಿಂದ ಒತ್ತಿದರೆ ಸಾಕು, ಕೈ ಧೊಪ್ಪನೆ ಬೀಳುತ್ತಿತ್ತು. "ಇನ್ನೂ ನಾಲ್ಕ ಐತ್ರಿ," ಎನ್ನುತ್ತಿದ್ದಳು ಶೀತಲ. ಅವನು ಮುಖ ಸಣ್ಣಗೆ ಮಾಡಿಕೊಂಡು, ಒಳಗೊಳಗೇ ಹೋಳಿಗೆ ತಿನ್ನುತ್ತಿದ್ದ.

ಒಂದು ಸೋಮವಾರ ಕೈ ಹಾಗೆಯೇ ಬಿತ್ತು. ಅವಳು ಈ ಸಲ ಬೆರಳು ತೆಗೆಯಲಿಲ್ಲ.

"ಶಕ್ತಿ ಇಲ್ಲದ ಕೈ ಜಗ್ಗಾಡಿ ಜಗ್ಗಾಡಿ ಮೆಲ್ಲಕ ಸೋಲತೈತ್ರಿ. ಸುಳ್ಳು ಹೇಳೂ ಕೈ ಒಮ್ಮಿಗಿಲೆ ಬೀಳತೈತಿ."

ಅವನ ಕಿವಿ ಕೆಂಪಾಗಿ ಇಡೀ ಕ್ಲಿನಿಕ್ಕಿಗೆ ಬೆಳಕಾಯಿತು. ಐದಾದರೆ ನಿಮ್ಮನ್ನು ನೋಡುವುದು ಹೇಗೆಂದು ಹೆದರಿದೆ ಎಂದು ನೆಲಕ್ಕೆ ಹೇಳಿದ.

"ಈಗ ಖರೇ ತಡೀರಿ," ಎಂದಳು. ಇಡೀ ಮೈಯ ಭಾರ ಹಾಕಿ ಒತ್ತಿದಳು. ಕೈ ಕದಲಲಿಲ್ಲ.

"ಐದು. ನಾಳಿಂದ ಇಲ್ಲಿಗೆ ಬರಬ್ಯಾಡ್ರಿ."

ಕಲ್ಮೇಶನ ಎದೆಯೊಳಗೆ ಸಂಗ್ರಾಣಿ ಕಲ್ಲು ಬಿತ್ತು.

"ರವಿವಾರ ಮನಿಗೆ ಬರ್ರಿ. ಅಪ್ಪಾರಿಗೆ ಹೇಳೇನಿ." ಆಮೇಲೆ ದನಿ ತಗ್ಗಿಸಿದಳು. "ಹೋದ ತಿಂಗಳನ ಐದಿತ್ತರಿ. ನಾನೂ ನಾಲ್ಕ ಅಂತ ಸುಳ್ಳು ಹೇಳಿದೆ."

ಭೂಮಿಯನ್ನೇ ಹಗುರ ಮಾಡಿದ ಆ ಗಂಡಿಗೆ ಆ ಹೊತ್ತು ಕುರ್ಚಿಯಿಂದೇಳಲು ಆಗಲಿಲ್ಲ. ಮೊಣಕಾಲಿನ ಪವರ್ ಸೊನ್ನೆ.