ಮಚಾಡೊ ತೋಟದ ಗೂಟಗಳು

೧೯೮೪ರ ಜೂನ್ ೪, ಸೋಮವಾರ, ಬೆಳಗ್ಗೆ ೮.೪೦. ಸ್ಯಾಂಟಾ ಕ್ಲಾರಾ ಕೌಂಟಿಯ ಶೆರಿಫ್ ಠಾಣೆಗೆ ಸರ್ವೆ ಕಂಪನಿಯೊಂದರ ಮ್ಯಾನೇಜರು ದೂರು ತಂದ. ಕ್ಯಾಂಪ್‌ಬೆಲ್ ಊರಿನ ಪಕ್ಕದ ಏಪ್ರಿಕಾಟ್ ಹಣ್ಣಿನ ತೋಟದಲ್ಲಿ ಹೊಸ ಬಡಾವಣೆಗೆಂದು ನೆಟ್ಟಿದ್ದ ಅಳತೆಯ ಗೂಟಗಳನ್ನು ಯಾರೋ ಕಿತ್ತಿದ್ದರು. ಸತತ ಮೂರನೆಯ ಭಾನುವಾರ ಹೀಗಾಗಿತ್ತು.

ದೂರು ಬರೆದುಕೊಂಡವನು ಡಿಟೆಕ್ಟಿವ್ ತಿರುಮಲೇಶ. ಹತ್ತನೆಯ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಮೈಸೂರಿನಿಂದ ಬಂದು ಇಲ್ಲೇ ಬೆಳೆದವನು. ಅವನ ಮೇಜಿನ ಹಿಂದೆ ಕೌಂಟಿಯ ನಕ್ಷೆಯಿತ್ತು. ಹದಿನೈದು ಊರುಗಳು ಬೆಳೆಯುತ್ತ ಒಂದಕ್ಕೊಂದು ಅಂಟಿಕೊಂಡು, ನಡುವೆ ಯಾವ ಊರಿಗೂ ಸೇರದ ತುಂಡು ನೆಲಗಳು ಉಳಿದಿದ್ದವು. ಅಲ್ಲಿನ ಪೊಲೀಸ್ ಕೆಲಸವೆಲ್ಲ ಶೆರಿಫ್ ಪಾಲು. ಅವನ ಬಾಲ್ಯದಲ್ಲಿ ಬೆರ್ರಿಯೆಸಾದಿಂದ ಲಾಸ್ ಗ್ಯಾಟೋಸ್ ಗುಡ್ಡದವರೆಗೆ ಮಾರ್ಚಿನಲ್ಲಿ ದಾರಿಯುದ್ದ ತೋಟಗಳ ಹೂವಿರುತ್ತಿತ್ತು. ಈಗ ಫ್ರೀವೇ, ಅಪಾರ್ಟ್‌ಮೆಂಟು, ಕಂಪ್ಯೂಟರ್ ಕಂಪನಿಗಳ ಪಾರ್ಕಿಂಗು.

೧೦.೧೫ಕ್ಕೆ ಡೆಪ್ಯುಟಿ ರೂಯಿಸ್ ಜೊತೆ ಹೋಗಿ ಸ್ಥಳದ ಮಹಜರು ಬರೆದ. ಅರವತ್ತೆರಡು ಗೂಟಗಳಲ್ಲಿ ಒಂದೂ ಮುರಿದಿರಲಿಲ್ಲ. ನಂಬರಿನ ಕ್ರಮದಲ್ಲಿ ಬೇಲಿಯ ಪಕ್ಕ ಜೋಡಿಸಿಟ್ಟಿದ್ದರು.

"ಪುಂಡರ ಕೆಲಸ ಅಲ್ಲ ಇದು," ಎಂದ ರೂಯಿಸ್.

ಮಣ್ಣಿನಡಿ ಹುದುಗಿಸಿದ್ದ ಮೂಲೆಗೂಟಗಳೂ ಮೇಲೆ ಬಂದಿದ್ದವು. ಅವು ಎಲ್ಲಿವೆಯೆಂದು ಗೊತ್ತಿದ್ದದ್ದು ಸರ್ವೆಯ ನಕ್ಷೆ ಕೈಯಲ್ಲಿದ್ದವರಿಗೆ ಮಾತ್ರ.

ತೋಟದ ಮನೆಯಲ್ಲಿದ್ದವರು ಎಂಬತ್ತೊಂದರ ಮಿಸೆಸ್ ಮಚಾಡೊ. ತೋಟ ಮಾರಿಯಾಗಿತ್ತು. ಕೆಲಸ ಶುರುವಾಗುವವರೆಗೆ ಅಲ್ಲಿರಬಹುದು, ಅಷ್ಟೆ.

"ಯಾರನ್ನಾದ್ರೂ ನೋಡಿದ್ರಾ?"

"ಭಾನುವಾರ ನಾನು ಚರ್ಚಿಗೆ ಹೋಗಿರ್ತೀನಿ."

"ಯಾರ ಮೇಲಾದ್ರೂ ಅನುಮಾನ?"

"ಹಣ್ಣಾಗೋಕೆ ಇನ್ನೂ ಮೂರು ವಾರ ಬೇಕು," ಎಂದರು ಮುದುಕಿ. ಅಷ್ಟು ದಿನ ಕಾಯಿರೆಂದು ಬಡಾವಣೆಯವರನ್ನು ಕೇಳಿಕೊಂಡಿದ್ದರಂತೆ. ಅವರು ಒಪ್ಪಿರಲಿಲ್ಲ.

ಸರ್ವೆ ಕಂಪನಿಯಲ್ಲಿ ಆ ನಕ್ಷೆ ಇದ್ದದ್ದು ಮೂವರ ಬಳಿ. ಇಬ್ಬರು ಸರ್ವೆಯರುಗಳು ಆ ಭಾನುವಾರ ಊರಲ್ಲಿರಲಿಲ್ಲ. ಬುಧವಾರದ ಹೊತ್ತಿಗೆ ಅದು ಖಚಿತವಾಯಿತು. ಉಳಿದವನು ನಕ್ಷೆಗಾರ ಅಡಿವೆಪ್ಪ. ಧಾರವಾಡದ ಕಡೆಯವನು, ಐವತ್ತನಾಲ್ಕು ವರ್ಷ. ತೋಟದ ಬೇಲಿಗೆ ಅಂಟಿದ ಅಪಾರ್ಟ್‌ಮೆಂಟಿನಲ್ಲಿ ಒಬ್ಬನೇ ಇದ್ದ.

ಶುಕ್ರವಾರ ಕಂಪನಿ ಮತ್ತೆ ಗೂಟ ನೆಟ್ಟಿತು. ಜೂನ್ ೧೦, ಭಾನುವಾರ, ೮.೨೫ಕ್ಕೆ ಬೇಲಿ ದಾಟಿ ಬಂದ ಅಡಿವೆಪ್ಪ ಏಳನೆಯ ಗೂಟಕ್ಕೆ ಕೈ ಹಾಕಿದಾಗ ತಿರುಮಲೇಶ ಮರದ ಮರೆಯಿಂದ ಎದ್ದು ಬಂದ.

"ಅಡಿವೆಪ್ಪನೋರೇ, ಸಾಕು ಬಿಡಿ."

ಕನ್ನಡ ಕೇಳಿ ಅವನು ಬೆಚ್ಚಿಬಿದ್ದ. ಕಿತ್ತ ಗೂಟವನ್ನು ಮೆಲ್ಲಗೆ ನೆಲಕ್ಕಿಟ್ಟು ಎರಡೂ ಕೈ ಮುಂದೆ ಚಾಚಿದ. ತಿರುಮಲೇಶ ಕೋಳ ಹಾಕಲಿಲ್ಲ.

ಠಾಣೆಯಲ್ಲಿ ಆರೋಪಿಯ ಹಕ್ಕುಗಳನ್ನು ಓದಿ ಹೇಳಿದ ಮೇಲೆ ಕೇಳಿದ: "ಯಾಕೆ ಕಿತ್ರಿ?"

"ಹಣ್ಣಾಗೂತನಕ ಬುಲ್‌ಡೋಜರ್ ಬರಬಾರ್ದಂತ್ರೀ."

"ಮಿಸೆಸ್ ಮಚಾಡೊ ಹೇಳಿದ್ರಾ?"

"ಇಲ್ರೀ. ಆಯೀಗೆ ಏನೂ ಗೊತ್ತಿಲ್ಲ."

"ಮತ್ತೆ?"

"ಹ್ವಾದ ವರ್ಷ ನನ್ನ ಹೇಂತಿ ಗುರುಬಸವ್ವಗ ಕ್ಯಾನ್ಸರ್ ಇತ್ರೀ. ಔಷಧಕ್ಕ ಬಾಯೆಲ್ಲಾ ಹುಣ್ಣು, ನೀರೂ ಇಳೀತಿರಲಿಲ್ಲ. ಆಯಿ ಬೇಲಿ ಮ್ಯಾಲಿಂದ ಹಣ್ಣು ಹಿಚುಕಿ ಕೊಟ್ಲು. ಅದು ಇಳೀತು. ಆಮ್ಯಾಲ ದಿನಾ ಇಬ್ರೂ ಗಿಡದ ಕೆಳಗ ಕೂಡವ್ರು. ಇಕೀಗೆ ಇಂಗ್ಲಿಷ್ ಬರೂದಿಲ್ಲ, ಆಕೀಗೆ ಕನ್ನಡ ಬರೂದಿಲ್ಲ. ಏನ್ ನಗ್ತಿದ್ರೋ."

"ಅವರು ಈಗ..."

"ಮಾರ್ಚಿಯೊಳಗ ಹ್ವಾದ್ಲ್ರೀ." ಅಡಿವೆಪ್ಪ ತನ್ನ ಬೆರಳುಗಳನ್ನು ನೋಡಿಕೊಂಡ. "ಆ ಗಿಡದ ಮ್ಯಾಲ ರಸ್ತಾದ ಗೆರಿ ಎಳದಾಂವ ನಾನ ರೀ. ಈ ಕೈಲೇ."

ತಿರುಮಲೇಶ ಹೇಳಿಕೆಯನ್ನು ಒಂದಕ್ಷರ ಬಿಡದೆ ಇಂಗ್ಲಿಷಿಗೆ ತಂದು ಬರೆದ. ಕೋರ್ಟಿಗೆ ಹಾಜರಾಗುವ ಚೀಟಿ ಕೊಟ್ಟು ಅಂದೇ ಬಿಡುವಂಥ ಸಣ್ಣ ಅಪರಾಧ ಅದು. ಆದರೆ ಕೆಲಸ ಹೋಗುವುದು ಖಂಡಿತ. ಅಡಿವೆಪ್ಪನಿಗೂ ಅದು ಗೊತ್ತಿತ್ತು.

"ಯಾರಿಗೆ ತಿಳಿಸಬೇಕು?"

ಅವನು ತಡವರಿಸಿ ಹೇಳಿದ್ದು ಒಂದೇ ಹೆಸರು. ತಿರುಮಲೇಶ ಫೋನು ಮಾಡಿದ.

ಹನ್ನೊಂದೂವರೆಗೆ ಮಿಸೆಸ್ ಮಚಾಡೊ ಚರ್ಚಿನ ಬಟ್ಟೆಯಲ್ಲೇ, ಹಳೆಯ ಪಿಕಪ್ ತಾವೇ ಓಡಿಸಿಕೊಂಡು ಬಂದರು. ತಲೆ ತಗ್ಗಿಸಿ ಎದ್ದು ನಿಂತ ಅಡಿವೆಪ್ಪನನ್ನು ಒಂದು ಗಳಿಗೆ ದಿಟ್ಟಿಸಿ, ಅವನ ಅಂಗಿಯ ತೋಳಿಗೆ ಹತ್ತಿದ್ದ ಮಣ್ಣನ್ನು ಕೈಯಿಂದ ಕೊಡವಿದರು.

"ಮೊದಲು ಬಂದು ಊಟ ಮಾಡು," ಎಂದರು. "ಬೈಯೋದು ಆಮೇಲೆ."