ಬುಧವಾರ ಸಂಜೆ ಖಾಲಿಯಾಗುತ್ತಿದ್ದ ಚಾವಡಿ

2009ರ ನವೆಂಬರ್ 12, ಗುರುವಾರ. ಬೆಳಿಗ್ಗೆ 11.20ಕ್ಕೆ ಐದೂರು ಎಣ್ಣೆಬೀಜ ಬೆಳೆಗಾರರ ಸಹಕಾರ ಒಕ್ಕೂಟದ ವ್ಯವಸ್ಥಾಪಕ ಶಿವಯೋಗಪ್ಪ ಟೈಪು ಮಾಡಿಸಿದ ದೂರು ಹಿಡಿದು ಕೊಟ್ಟೂರು ಠಾಣೆಗೆ ಬಂದರು.

"ಕಳವಾಗೈತ್ರಿ."

"ಏನು?" ಸರ್ಕಲ್ ಇನ್ಸ್‌ಪೆಕ್ಟರ್ ಹುಲುಗಣ್ಣ ಕೇಳಿದರು.

"ಶೇಂಗಾ ದರ."

ಹೆಡ್ ಕಾನ್‌ಸ್ಟೆಬಲ್ ಮೈಲಪ್ಪ ಪೆನ್ನು ಎತ್ತಿದ. "ಶೇಂಗಾ ಚೀಲ ಅನ್ರಿ ಸಾಹುಕಾರ್ರ. ದರ ಹೆಂಗ ಕಳವಾಗ್ತೈತಿ?"

ಶಿವಯೋಗಪ್ಪ ಕುರ್ಚಿ ಎಳೆದುಕೊಂಡು ಬಿಡಿಸಿ ಹೇಳಿದರು. ಒಕ್ಕೂಟದ ಪ್ರಧಾನ ಕಚೇರಿ ಕೊಟ್ಟೂರಿನಲ್ಲಿದೆ. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ಶಾಖೆಗಳಿವೆ. ಜೂನ್ ತಿಂಗಳಿನಿಂದ ಐದೂ ಕಚೇರಿಗಳ ಕಾಗದಪತ್ರ 'ಚಾವಡಿ' ಎಂಬ ಅಂತರ್ಜಾಲ ತಾಣದಲ್ಲಿದೆ. ದರಪಟ್ಟಿಯಾಗಲಿ ಸುತ್ತೋಲೆಯಾಗಲಿ, ಒಂದು ಊರಿನವರು ಅಲ್ಲಿ ಇಟ್ಟರೆ ಉಳಿದವರು ತಮ್ಮ ಮೇಜಿನಲ್ಲೇ ತೆರೆದು ನೋಡಬಹುದು, ತಿದ್ದಬಹುದು. ಅದನ್ನು ಕಟ್ಟಿದವಳು ಲಾರಿ ಮೆಕ್ಯಾನಿಕ್ ದಾವಲ್ ಸಾಬ್ ಅವರ ಮಗಳು ಕಹಕಶಾ, 24 ವರ್ಷ. ಯಾರು ಯಾವ ಕಡತ ಮುಟ್ಟಬಹುದೆಂದು ನಿಗದಿ ಮಾಡುವವಳೂ ಅವಳೇ.

ದಸರೆ ಕಳೆದಾಗಿನಿಂದ ಪ್ರತಿ ಬುಧವಾರ ಸಂಜೆ ಹಡಗಲಿ ಶಾಖೆಯ ಕಡತಗಳು ಚಾವಡಿಯಿಂದ ಮಾಯವಾಗುತ್ತಿದ್ದವು. ಕಹಕಶಾ ಮರುದಿನ ಮಧ್ಯಾಹ್ನದೊಳಗೆ ಮರಳಿ ತರುತ್ತಿದ್ದಳು.

"ಅಲ್ಲೀಮಟ ಟಪಾಲಿನ ಗುರುಶಾಂತನ ಕೈಯಾಗ ಕಾಗದ ಕೊಟ್ಟು ಹಡಗಲಿ ಬಸ್ಸಿಗೆ ಹತ್ತಸ್ತಿದ್ವಿ. ಆದ್ರ ನಿನ್ನೆ ಐದೂ ಊರಿಂದು ಹೋಗೈತಿ. ಮುಂಜಾನಿಂದ ಟ್ರ್ಯಾಕ್ಟರ್ ನಿಂತಾವು, ತೂಗಾಕ ದರ ಇಲ್ಲ."

"ಯಾರ ಮೇಲೆ ಅನುಮಾನ?"

"ಅನುಮಾನ ಏನ್ ಬಂತ್ರಿ? ಬೀಗ ಆಕಿ ಕೈಯಾಗ ಐತಿ. 21ನೇ ತಾರೀಕು ಮಹಾಸಭೆ. ಕಹಕಶಾನ್ನ ತೆಗೀಬೇಕು, ಚಾವಡಿ ಮುಚ್ಚಬೇಕು ಅಂತ ಠರಾವು ಬರದಿಟ್ಟೀನಿ."

ತಿದ್ದುಪಡಿಯಾದ ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದು ಹದಿನಾರು ದಿನವಷ್ಟೇ ಆಗಿತ್ತು. ಮೊದಲಾದರೆ ಇಂಥ ಪ್ರಕರಣಕ್ಕೆ ಡಿವೈಎಸ್‌ಪಿಯೇ ಬೇಕಿತ್ತು. ಈಗ ಇನ್ಸ್‌ಪೆಕ್ಟರ್ ಸಾಕು. ಹುಲುಗಣ್ಣ ಕಲಂ 66ರ ಅಡಿ ಎಫ್‌ಐಆರ್ ದಾಖಲಿಸಿದರು.

"ಸಾರ್, ಈ ಕಲಂ ನಮ್ಮ ಠಾಣ್ಯಾಗ ಇದ ಮೊದ್ಲು," ಎಂದ ಮೈಲಪ್ಪ. ಅವನಿಗೆ ಅದೇ ಒಂದು ಸಂಭ್ರಮ.

ಮರುದಿನ ಬೆಳಿಗ್ಗೆ ಇಬ್ಬರೂ ಒಕ್ಕೂಟದ ಕಚೇರಿಗೆ ಹೋದರು. ಅಲ್ಲಿ ಮೂರು ಕಂಪ್ಯೂಟರ್‌ಗಳಿದ್ದವು: ಒಂದು ವ್ಯವಸ್ಥಾಪಕರ ಮೇಜಿನಲ್ಲಿ, ಒಂದು ಒಳಕೋಣೆಯಲ್ಲಿ ಕಹಕಶಾಳ ಹತ್ತಿರ, ಇನ್ನೊಂದು ಟಪಾಲು ಮೇಜಿನ ಮೇಲೆ. ಮೂರನೆಯದನ್ನು ಯಾರು ಬೇಕಾದರೂ ಬಳಸುತ್ತಿದ್ದರು. ದರಗಳು ಆಗಲೇ ಮರಳಿ ಬಂದಿದ್ದವು. ಕಹಕಶಾಳ ಕಣ್ಣುಗಳು ನಿದ್ದೆಗೆಟ್ಟು ಕೆಂಪಾಗಿದ್ದವು.

"ನೀನ ಅಳಿಸಿದೇನು?" ಹುಲುಗಣ್ಣ ಕೇಳಿದರು.

"ಸಾರ್, ನಾನ ಕಟ್ಟಿದ ಮನಿ. ಕೆಡವೋದಿದ್ರ ಒಂದ ದಿನ ಕೆಡವತಿದ್ದೆ. ವಾರಕ್ಕೊಂದು ಇಟ್ಟಂಗಿ ಯಾಕ ಕೀಳ್ಲಿ?"

"ಯಾರು ಅಳಿಸಿದ್ರು ಅಂತ ಗೊತ್ತಾಗ್ತೈತೇನು?"

ಅವಳು ಪರದೆಯನ್ನು ಅವರತ್ತ ತಿರುಗಿಸಿದಳು. ಚಾವಡಿಗೆ ಯಾರು ಬಂದರು, ಯಾವಾಗ ಬಂದರು, ಏನು ಮಾಡಿದರು ಎಂಬುದೆಲ್ಲ ತಾನೇ ದಾಖಲಾಗುತ್ತಿತ್ತು. ಎಲ್ಲ ಬುಧವಾರವೂ ಒಂದೇ ಹೆಸರು: ಅಮೃತಾ, ಹಡಗಲಿ ಶಾಖೆ. ಒಕ್ಕೂಟದ ನಡಾವಳಿ ಬರೆಯುವವಳು ಅಮೃತಾ. ಐದೂ ಊರಿನ ಕಡತ ಮುಟ್ಟುವ ಅನುಮತಿ ಅವಳಿಗಿತ್ತು.

"ಹಂಗಾದ್ರ ಅಮೃತಾನ," ಎಂದ ಮೈಲಪ್ಪ.

"ಅಲ್ರಿ. ಮುಂದಿನ ಸಾಲು ನೋಡ್ರಿ. ಇದು ಹಡಗಲಿ ಇಂಟರ್‌ನೆಟ್ ಲೈನ್ ಅಲ್ಲ, ನಮ್ಮ ಆಫೀಸಿನ ಲೈನು. ಆಕಿ ಹೆಸರಿಟ್ಕೊಂಡು ಇಲ್ಲೇ ಕುಂತು ಯಾರೋ ಅಳಿಸ್ಯಾರ."

"ಆಕಿ ಪಾಸ್‌ವರ್ಡ್ ನಿನಗೆ ಗೊತ್ತೇನು?"

"ನನಗ ಕಾಣಂಗಿಲ್ರಿ. ಬದಲಿ ಮಾಡ್ಬೋದು. ಮಾಡಿದ್ರ ಅದೂ ಇಲ್ಲಿ ಬರ್ತೈತಿ. ಬಂದಿಲ್ಲ ನೋಡ್ರಿ."

ಹುಲುಗಣ್ಣ ದಾಖಲೆಯ ಪ್ರತಿ ತೆಗೆಸಿ, ಪಕ್ಕದ ಗೊಬ್ಬರದಂಗಡಿಯ ಇಬ್ಬರನ್ನು ಪಂಚರನ್ನಾಗಿ ಕರೆಸಿ ಜಪ್ತಿ ಪಂಚನಾಮೆ ಮಾಡಿದರು. ಮಾತು ಮುಗಿಯಿತೆನ್ನುವಷ್ಟರಲ್ಲಿ ಶಿವಯೋಗಪ್ಪ ಚಾವಡಿಯಲ್ಲಿ ಈಗಲೂ ಏನೇನು ಕಾಣೆಯಾಗಿದೆ ತೋರಿಸುತ್ತೇನೆಂದು ತಮ್ಮ ಮೇಜಿಗೆ ಕೂತರು. ಒಂದೇ ಬೆರಳಿನಲ್ಲಿ ಒಂದೊಂದೇ ಅಕ್ಷರ ಒತ್ತುತ್ತ, ಒತ್ತಿದ್ದನ್ನು ಬಾಯಲ್ಲೂ ಹೇಳುತ್ತಿದ್ದರು.

"ಕೊ… ಟ್ರೇ… ಶ…"

"ಪೂಜಿ ಮಾಡಾಕತ್ತೀರೇನ್ರಿ?" ಮೈಲಪ್ಪ ಕೇಳಿದ.

"ಅಲ್ಲೋ ಮಾರಾಯ, ಪಾಸ್‌ವರ್ಡು. ಮರೀಲಾರದ ಹೆಸರು ಇಡ್ರಿ ಅಂತ ಈಕಿನ ಕಲಿಸಿದ್ಳು. ಮನಿದೇವ್ರನ್ನ ಯಾರರ ಮರೀತಾರೇನು?"

ಕಹಕಶಾ ಹಣೆಗೆ ಕೈ ಒತ್ತಿಕೊಂಡಳು. "ಎಲ್ಲಾರೂ ಹಿಂಗ ಇಟ್ಟೀರೇನ್ರಿ?"

ಹುಲುಗಣ್ಣ ಫೋನ್ ಕೈಗೆತ್ತಿಕೊಂಡರು. ಕೂಡ್ಲಿಗಿಗೆ, ಹಗರಿಬೊಮ್ಮನಹಳ್ಳಿಗೆ, ಹರಪನಹಳ್ಳಿಗೆ ಮಾತಾಡಿದರು. ಮೂರೂ ಕಡೆ ಮನೆದೇವರೇ. ಕೇಳುತ್ತಿರುವುದು ಪೊಲೀಸರೋ ಅಲ್ಲವೋ ಎಂದು ವಿಚಾರಿಸದೆ ಮೂವರೂ ಪಾಸ್‌ವರ್ಡನ್ನೇ ಹೇಳಿಬಿಟ್ಟರು.

"ಅಮೃತಾಂದು ಮೈಲಾರಲಿಂಗ ಇರಬೇಕು. ಹಡಗಲಿ ಮಂದಿ ಅಲ್ಲೇನ್ರಿ?" ಎಂದರು ಶಿವಯೋಗಪ್ಪ. ಫೋನಿನಲ್ಲೇ ಅಮೃತಾಳ ಒಪ್ಪಿಗೆ ಪಡೆದು, ಪಂಚರ ಎದುರಿನಲ್ಲಿ ಕಹಕಶಾ ಆ ಹೆಸರು ಹಾಕಿ ನೋಡಿದಳು. ಚಾವಡಿ ತೆರೆಯಲಿಲ್ಲ.

"ಅಂದ್ರ ಕಳ್ಳಗ ಆಕಿ ಮನಿದೇವ್ರು ನಮಗಿಂತ ಚಲೋ ಗೊತ್ತೈತಿ," ಎಂದರು ಹುಲುಗಣ್ಣ.

ನವೆಂಬರ್ 16, ಸೋಮವಾರ ಅವರ ಜೀಪು ಹಡಗಲಿ ತಲುಪಿತು. ಅಮೃತಾ ಶಾಖೆಯಲ್ಲಿ ಒಬ್ಬಳೇ ಇದ್ದಳು. ಪೊಲೀಸರನ್ನು ಕಂಡು ಹೆದರದೆ ಮಜ್ಜಿಗೆ ಕೊಟ್ಟಳು.

"ನಿಮ್ಮ ಮನಿದೇವ್ರು ಮೈಲಾರಲಿಂಗ ಅಲ್ಲೇನವ್ವ?"

"ಎಲ್ಲಾರೂ ಹಂಗ ತಿಳ್ಕೊಂತಾರ್ರಿ. ನಮ್ಮ ಮೂಲ ಬಾಗಳಿ. ಮನಿದೇವ್ರು ಕಲ್ಲೇಶ್ವರ."

"ಪಾಸ್‌ವರ್ಡೂ ಅದಾ?"

ಅವಳು ಹೌದೆಂದು ತಲೆಯಾಡಿಸಿದಳು.

"ಕೊಟ್ಟೂರು ಆಫೀಸಿನ್ಯಾಗ ಇದು ಯಾರಿಗೆ ಗೊತ್ತೈತಿ?"

"ಯಾರಿಗೂ ಇಲ್ರಿ." ಅಮೃತಾ ಸ್ಟೇಪ್ಲರ್ ಎತ್ತಿಟ್ಟಳು, ಮತ್ತೆ ಮೊದಲಿದ್ದಲ್ಲೇ ಇಟ್ಟಳು. "ಒಬ್ರು ಕೇಳಿದ್ರು."

"ಯಾರು?"

"ಗುರುಶಾಂತ."

"ಯಾಕ ಕೇಳಿದ?"

ಅವಳು ಕಿಟಕಿಯ ಕಡೆ ನೋಡಿದಳು. ಕೆನ್ನೆ ಕೆಂಪೇರಿತ್ತು.

ಮೈಲಪ್ಪ ಇನ್ಸ್‌ಪೆಕ್ಟರರ ಕಿವಿಗೆ ಬಾಗಿದ. "ಸಾರ್, ಹುಡುಗೀಗೆ ಮನಿದೇವ್ರು ಯಾವಾಗ ಕೇಳ್ತಾರ ಅಂದ್ರ…"

"ಗೊತ್ತೈತಿ ಬಿಡಪಾ. ನನಗೂ ಲಗ್ನ ಆಗೈತಿ."

ಹೆಣ್ಣು ಕೇಳಲು ಹೋಗುವ ಮೊದಲು ಮನೆದೇವರು ಯಾವುದೆಂದು ವಿಚಾರಿಸುವುದು ಈ ಸೀಮೆಯಲ್ಲಿ ತಲೆಮಾರುಗಳ ರೂಢಿ. ಗುರುಶಾಂತ ಅದನ್ನು ಕೇಳಿ ಹೋದವನು ಮುಂದಿನ ಮಾತು ಆಡಿರಲಿಲ್ಲ.

ಹುಲುಗಣ್ಣ ಅಮೃತಾಳಿಗೆ ಪಾಸ್‌ವರ್ಡ್ ಬದಲಿಸಬೇಡ, ಯಾರಿಗೂ ಏನೂ ಹೇಳಬೇಡ ಎಂದು ಸೂಚಿಸಿದರು. ವಾಪಸು ಬರುವಾಗ ಮೈಲಪ್ಪ, "ಹಿಡಿದು ತರ್ಲೇನ್ರಿ?" ಎಂದ. ಬೇಡ ಎಂದರು. ಮನೆದೇವರು ಗೊತ್ತಿರುವುದು ಅಪರಾಧವಲ್ಲ. ಅದನ್ನು ಟೈಪು ಮಾಡಿದಾಗ ಹಿಡಿಯಬೇಕು.

ಆ ಕೆಲಸಕ್ಕೆ ಕಹಕಶಾ ಬೇಕಾಗಿದ್ದಳು. ಚಾವಡಿಗೆ ಅವಳು ಪ್ರೋಗ್ರಾಮಿನ ಹೊಸದೊಂದು ತುಂಡು ಬರೆದು ಸೇರಿಸಿದಳು. ಅಮೃತಾಳ ಹೆಸರಿನಲ್ಲಿ ಯಾರಾದರೂ ಕೊಟ್ಟೂರಿನ ಲೈನಿನಿಂದ ಒಳಬಂದರೆ ಕಡತಗಳ ಬದಲು ಒಂದು ಸಂದೇಶ ಕಾಣಬೇಕು, ಅದೇ ಗಳಿಗೆಯಲ್ಲಿ ಒಳಕೋಣೆಯ ಪರದೆಯಲ್ಲಿ ಕೆಂಪು ಪಟ್ಟಿ ಬರಬೇಕು. ಎರಡು ದಿನ ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಮಹಾಸಭೆ ಶನಿವಾರವಿತ್ತು. ಬುಧವಾರ ತಪ್ಪಿದರೆ ಇನ್ನೊಂದು ಬುಧವಾರ ಅವಳಿಗೆ ಸಿಗುತ್ತಿರಲಿಲ್ಲ.

ನವೆಂಬರ್ 18. ಹುಲುಗಣ್ಣ, ಮೈಲಪ್ಪ ಮತ್ತು ಇಬ್ಬರು ಪಂಚರು ಮಧ್ಯಾಹ್ನವೇ ಹಿಂಬಾಗಿಲಿನಿಂದ ಒಳಕೋಣೆ ಸೇರಿದ್ದರು. ಐದು ಹೊಡೆಯಿತು. ಶಿವಯೋಗಪ್ಪ ಮನೆಗೆ ಹೋದರು. ಮೈಲಪ್ಪ ಆಕಳಿಸಿದ.

5.40ಕ್ಕೆ ಕೆಂಪು ಪಟ್ಟಿ ಬಂತು.

ಕಹಕಶಾ ಕೂಗಿಕೊಳ್ಳದಂತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕೂತಲ್ಲೇ ಕುಣಿದಳು. ಹುಲುಗಣ್ಣ ಬಾಗಿಲು ತೆರೆದರು.

ಟಪಾಲು ಮೇಜಿನಲ್ಲಿ 27 ವರ್ಷದ ಗುರುಶಾಂತ ಪರದೆಯನ್ನೇ ನೋಡುತ್ತ ಕಲ್ಲಾಗಿದ್ದ. ಅದರ ಮೇಲೆ ದೊಡ್ಡ ಅಕ್ಷರಗಳಲ್ಲಿ ಹೀಗಿತ್ತು: 'ಅಮೃತಾ ಅವರೇ, ಹಡಗಲಿಯಿಂದ ಯಾವಾಗ ಬಂದ್ರಿ? ಚಹಾ ಆಯ್ತೇ?'

"ಕೈ ತೆಗಿಯಪಾ," ಎಂದರು ಹುಲುಗಣ್ಣ. ಅವನು ಎರಡೂ ಕೈ ಮೇಲೆತ್ತಿದ.

"ಕೆಳಗಿಡಲೇ, ಇದೇನ್ ಸಿನಿಮಾ ಅಲ್ಲ," ಎಂದ ಮೈಲಪ್ಪ.

"ಎಷ್ಟು ವಾರದಿಂದ?" ಹುಲುಗಣ್ಣ ಕೇಳಿದರು.

"ದಸರಾ ಆದಾಗಿಂದ ಸಾರ್. ಹಡಗಲೀದು ಅಷ್ಟ ಅಳಸ್ತಿದ್ದೆ. ಹ್ವಾದ ವಾರ ಕೈ ತಪ್ಪಿ ಎಲ್ಲಾ ಹೋತು."

"ನನ್ನ ನೌಕರಿನೂ ಹೋಗ್ತಿತ್ತಲ್ಲೋ ಲೇ!" ಕಹಕಶಾ ಮೇಜು ಗುದ್ದಿದಳು. "ಅದು ಗೊತ್ತಿತ್ತಿಲ್ಲೋ ನಿನಗ?"

ಅವನು ತಲೆ ತಗ್ಗಿಸಿದ. "ಮೊನ್ನೆ ಠರಾವು ಟೈಪ್ ಮಾಡೋದು ನೋಡಿದೆ. ಹೇಳ್ಬೇಕು ಅಂತ ಬಾಗಿಲಿಗೆ ಬಂದಿದ್ದೆ. ಬಾಯಿ ಬರ್ಲಿಲ್ಲ."

"ಮತ್ತ ಇವತ್ತು ಬಂದು ಅಳಸಾಕ ಕೈ ಬಂತೇನು?"

ಗುರುಶಾಂತ ಕುರ್ಚಿ ಬಿಟ್ಟು ಎದ್ದ.

ಪಂಚನಾಮೆ ಮುಗಿಸಿ, ಬೇರೊಬ್ಬರ ಪಾಸ್‌ವರ್ಡ್ ಬಳಸಿದ್ದಕ್ಕೆ ಕಲಂ 66-ಸಿ ಸೇರಿಸಿ, 6.30ಕ್ಕೆ ದಸ್ತಗಿರಿ ಮಾಡಲಾಯಿತು. ಠಾಣೆಯಲ್ಲಿ ಅವನು ಕೊಟ್ಟ ಹೇಳಿಕೆ ಚಿಕ್ಕದು. ಚಾವಡಿ ಬರುವ ಮೊದಲು ಟಪಾಲು ಚೀಲ ಹೊತ್ತು ಬಸ್ಸಿನಲ್ಲಿ ಶಾಖೆಗಳಿಗೆ ತಿರುಗುವುದು ಅವನ ಕೆಲಸವಾಗಿತ್ತು. ಗುರುವಾರ ಹಡಗಲಿ. ಚಾವಡಿ ಬಂದ ಮೇಲೆ ಚೀಲಕ್ಕೆ ಕೆಲಸ ಉಳಿಯಲಿಲ್ಲ. ಅವನಿಗೆ ಗುರುವಾರ ಉಳಿಯಲಿಲ್ಲ. ಬುಧವಾರ ಸಂಜೆ ಹಡಗಲಿಯ ಕಡತ ಅಳಿಸಿದರೆ ಮರುದಿನ ಬೆಳಿಗ್ಗೆ ಮತ್ತೆ ಚೀಲ ಹೊತ್ತು ಅಮೃತಾಳ ಊರಿನ ಬಸ್ಸು ಹತ್ತಬಹುದಿತ್ತು.

"ಫೋನ್ ಇದ್ದಿಲ್ಲೇನೋ?" ಹುಲುಗಣ್ಣ ಕೇಳಿದರು.

"ಫೋನಿನ್ಯಾಗ ಏನಂತ ಶುರು ಮಾಡ್ಲಿ ಸಾರ್? ಟಪಾಲ್ ಕೊಟ್ಟು ಸಹಿ ಹಾಕಿಸ್ಕೊಂಡ್ರ ಮಾತು ತಾನ ಬರ್ತಿತ್ತು."

ಹುಲುಗಣ್ಣ ಚಹಾ ತರಿಸಿದರು.

ಜಾಮೀನು ಸಿಗುವ ಅಪರಾಧ. ಆದರೆ ಜಾಮೀನುದಾರರು ಬೇಕಲ್ಲ? ರಾತ್ರಿ ಊಟಕ್ಕೆ ಮೊದಲು ಠಾಣೆಗೆ ಬಂದವರು ದಾವಲ್ ಸಾಬ್. ಕೈಗೆ ಇನ್ನೂ ಗ್ರೀಸ್ ಮೆತ್ತಿತ್ತು. ಹಿಂದೆ ಕಹಕಶಾ ನಿಂತಿದ್ದಳು.

"ನಿನ್ನ ಮಗಳ ಅನ್ನಕ್ಕ ಕೈ ಹಾಕಿದವ್ನು ಇವ," ಎಂದ ಮೈಲಪ್ಪ.

"ಹೌದ್ರಿ. ಆಕಿನ ನನ್ನ ಕರಕೊಂಡು ಬಂದಾಳ. ಸಹಿ ಎಲ್ಲಿ ಮಾಡ್ಲಿ ಹೇಳ್ರಿ."

ಕಹಕಶಾ ಗುರುಶಾಂತನ ಎದುರು ಬಂದು ನಿಂತಳು. "ಪುಕ್ಕಟೆ ಅಲ್ಲ. ಶನಿವಾರ ಸಭೆಯಾಗ ಎದ್ದು ನಿಂತು ಎಲ್ಲಾ ಹೇಳ್ಬೇಕು. ಎಲ್ಲಾ ಅಂದ್ರ ಎಲ್ಲಾ."

ನವೆಂಬರ್ 21ರ ಮಹಾಸಭೆಗೆ ತಂಬ್ರಹಳ್ಳಿ, ಚಿಗಟೇರಿ ಕಡೆಯ ರೈತರೆಲ್ಲ ಬಂದಿದ್ದರು. ವೇದಿಕೆಯ ಪಕ್ಕದ ಮೇಜಿನಲ್ಲಿ ಅಮೃತಾ ನಡಾವಳಿ ಬರೆಯುತ್ತಿದ್ದಳು. ಶಿವಯೋಗಪ್ಪ ಠರಾವು ಓದಲು ಎದ್ದಾಗ ಗುರುಶಾಂತ ಕೈ ಎತ್ತಿದ. ಹೇಳತೊಡಗಿದ. ಮೊದಲು ದನಿ ನಡುಗಿತು. ಗುರುವಾರದ ಬಸ್ಸಿಗೆ ಬರುವಷ್ಟರಲ್ಲಿ ಸರಾಗವಾಯಿತು. ತಪ್ಪು ತನ್ನದು, ಕಹಕಶಾಳದು ಏನೂ ಇಲ್ಲ, ಕೋರ್ಟು ಕೊಟ್ಟ ಶಿಕ್ಷೆ ಅನುಭವಿಸುತ್ತೇನೆ ಎಂದು ಕೈಮುಗಿದ.

ಹಿಂದಿನ ಸಾಲಿನಿಂದ ನಗು ಹೊರಟು ವೇದಿಕೆಯವರೆಗೂ ಬಂತು. ಶಿವಯೋಗಪ್ಪ ಠರಾವಿನ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು, "ಚಾವಡಿ ಇರ್ಲಿ. ಕಹಕಶಾನೂ ಇರ್ಲಿ. ಪಾಸ್‌ವರ್ಡ್ ಮಾತ್ರ ಎಲ್ಲಾರೂ ಇವತ್ತ ಬದಲಿ ಮಾಡ್ರಿ," ಎಂದರು. ಚಪ್ಪಾಳೆ ಬಿತ್ತು. ಕಹಕಶಾ ಕಣ್ಣೊರೆಸಿಕೊಂಡಳು.

ಚಪ್ಪಾಳೆ ನಿಂತ ಮೇಲೆ ಚಿಗಟೇರಿಯ ಹಿರಿಯರೊಬ್ಬರು ಎದ್ದು ನಿಂತರು. "ಅದೆಲ್ಲಾ ಇರ್ಲಿ. ಹುಡುಗಿ ಏನಂದ್ಳಪಾ?"

ಅಮೃತಾ ಬರೆಯುತ್ತಿದ್ದ ಸಾಲು ಮುಗಿಸಿದಳು. ತಲೆ ಎತ್ತದೆಯೇ ಹೇಳಿದಳು:

"ಇವ್ರು ಮನಿದೇವ್ರು ಕೇಳಿ ಹ್ವಾದಾಗಿಂದ ನಮ್ಮವ್ವ ದಿನಾ ಅಂಗಳ ಸಾರಿಸಿ ದಾರಿ ಕಾಯಾಕತ್ತಾಳ. ಬರೋದಿದ್ರ ಅವ್ರವ್ವನ್ನ ಕರಕೊಂಡು ಬರ್ಲಿ. ಟಪಾಲ್ ಬ್ಯಾಡ."